ಐರ್ಲೆಂಡಿನ ಹಿಕ್ಕಿ, ಬೆಸಗರಹಳ್ಳಿ ಕಡೆಯ ಹಿಕ್ಕೆ

ಹೆಸರಿನ ಮುಂದಿರುವ ಇನಿಷಿಯಲ್ಲನ್ನು ಯಾರೂ ಹೆಚ್ಚು ಹೊತ್ತು ನೋಡುವುದಿಲ್ಲ ಎಂಬ ಒಂದೇ ಧೈರ್ಯದ ಮೇಲೆ ನಾನು ಇಷ್ಟು ವರ್ಷ ಮಂಡ್ಯದಲ್ಲಿ ಸರ್ಕಾರಿ ನೌಕರಿ ಮಾಡಿಕೊಂಡು ಬಂದಿದ್ದೇನೆ. ನನ್ನ ಹೆಸರು ಎಚ್. ಕೆ. ಸಿದ್ದರಾಜು. ಕೆ ಅಂದರೆ ಕಾಳೇಗೌಡ, ನನ್ನಪ್ಪ. ಅದರಲ್ಲಿ ಮುಚ್ಚುಮರೆ ಏನೂ ಇಲ್ಲ. ಎಚ್ ಅಂದರೇನು ಎಂದು ಕೇಳಿದವರಿಗೆ ಮಾತ್ರ ಬಾಯಿಗೆ ಬಂದದ್ದು ಹೇಳಿದ್ದೇನೆ. ನಮ್ಮ ಕಡೆ ಮೊದಲಕ್ಷರ ಊರಿನದಾಗಿರುವುದು ವಾಡಿಕೆ. ಕೆಲಸಕ್ಕೆ ಸೇರಿದ ದಿನ ಆಫೀಸಿನಲ್ಲಿ ಕೇಳಿದಾಗ ‘ಹಲಗೂರು’ ಎಂದುಬಿಟ್ಟೆ. ತಕ್ಷಣ ಪಕ್ಕದ ಟೇಬಲ್ಲಿನವರೊಬ್ಬರು ಎದ್ದು ಬಂದು, ‘ಅಯ್ಯೋ, ನಮ್ಮೂರೇ! ಯಾವ ಬೀದಿ ನಿಮ್ಮದು?’ ಎಂದು ನನ್ನ ಕೈ ಹಿಡಿದುಕೊಂಡರು. ಅವರು ನಿವೃತ್ತರಾಗುವ ತನಕ ನಾನು ಹೋಗದ ಊರಿನ ಮಳೆ ಬೆಳೆ ವಿಚಾರಿಸಿಕೊಂಡು, ಕಾಣದ ಜನರ ಸಾವಿಗೆ ಲೊಚಗುಟ್ಟಿಕೊಂಡು ಕಾಲ ತಳ್ಳಬೇಕಾಯಿತು.

ನಿಜ ಹೇಳಿಬಿಡುತ್ತೇನೆ. ಎಚ್ ಅಂದರೆ ಹಿಕ್ಕೆ. ಪೇಟೆಯಲ್ಲಿ ಹುಟ್ಟಿದವರಿಗೆ ತಿಳಿಯದಿರಬಹುದು, ಆಡು ಕುರಿಗಳು ನಡೆದ ದಾರಿಯಲ್ಲಿ ಕಪ್ಪಗೆ ಗುಂಡಗೆ ಉದುರಿಸಿಕೊಂಡು ಹೋಗುತ್ತವಲ್ಲ, ಅದೇ. ನಮ್ಮದು ಬೆಸಗರಹಳ್ಳಿ ಕಡೆಯ ಒಂದು ಹಳ್ಳಿ. ಅಲ್ಲಿ ಅಡ್ಡಹೆಸರು ಯಾರಿಗೂ ಇಲ್ಲ, ಆದರೆ ಪ್ರತಿ ಮನೆಗೂ ಒಂದು ಹೆಸರಿದೆ. ಒಬ್ಬರು ದೊಡ್ಡಮನೆಯವರು, ಒಬ್ಬರು ಬಾವಿ ಮನೆಯವರು, ಒಬ್ಬರು ಹುಣಸೆಮರದವರು. ನಾವು ಹಿಕ್ಕೆ ಮನೆಯವರು. ಸಗಣಿಗಿರುವ ಮರ್ಯಾದೆಯಾದರೂ ಹಿಕ್ಕೆಗೆ ಇದೆಯೇ ಹೇಳಿ! ಸಗಣಿಯಲ್ಲಿ ಪಿಳ್ಳಾರಿ ಗಣಪನನ್ನು ಮಾಡಿ ಗರಿಕೆ ಸಿಕ್ಕಿಸಿ ಕೈ ಮುಗಿಯುತ್ತಾರೆ, ಅಂಗಳ ಸಾರಿಸುತ್ತಾರೆ. ಹಿಕ್ಕೆಯಲ್ಲಿ ಏನು ಮಾಡುತ್ತಾರೆ? ತುಳಿದರೆ ಕಾಲು ಒರೆಸಿಕೊಳ್ಳುತ್ತಾರೆ, ಅಷ್ಟೇ.

ಒಂದು ಕಾಲಕ್ಕೆ ನನ್ನನ್ನು ಕಾಪಾಡಿದ್ದು ನಮ್ಮ ಜಿಲ್ಲೆಯ ನಾಲಿಗೆ. ನಮ್ಮವರು ಪದದ ಮೊದಲಿನ ಹಕಾರವನ್ನು ಹೊಸಿಲ ಆಚೆಯೇ ಬಿಟ್ಟು ಮಾತಾಡುವವರು. ಹಳ್ಳಿ ‘ಅಳ್ಳಿ’ಯಾದಂತೆ ಹಿಕ್ಕೆ ಮನೆ ‘ಇಕ್ಕೆ ಮನೆ’ಯಾಯಿತು. ಮಳವಳ್ಳಿಗೆ ಹೆಣ್ಣು ನೋಡಲು ಹೋದಾಗ ಮಾವನವರು, ‘ಇಕ್ಕೆ ಮನೆಯೋರು ಅಂತಾರಲ್ಲ, ಅಂಗಂದ್ರೇನು?’ ಎಂದು ಕೇಳಿದರು. ನಮ್ಮ ಕಡೆ ಇಕ್ಕುವುದು ಅಂದರೆ ಬಡಿಸುವುದು. ‘ಬಂದವರಿಗೆಲ್ಲ ಮುದ್ದೆ ಇಕ್ಕಿ ಇಕ್ಕಿ ಆ ಹೆಸರು ಬಂತು’ ಎಂದೆ. ಮಾವನವರು ಖುಷಿಯಾಗಿ ಹೆಣ್ಣು ಕೊಟ್ಟರು. ಮದುವೆಯಾದ ಮೂರನೆಯ ದಿನ ನನ್ನ ಹೆಂಡತಿ ಹಿತ್ತಿಲಿಗೆ ಹೋದವಳು ಆಳೆತ್ತರದ ಹಿಕ್ಕೆ ಗುಡ್ಡೆ ನೋಡಿ ವಾಪಸು ಬಂದು, ‘ಇದ್ನೇನಾ ನೀವು ಬಂದೋರಿಗೆಲ್ಲ ಇಕ್ಕೋದು?’ ಎಂದಳು. ಅಂದಿನಿಂದ ನನ್ನ ಯಾವ ಮಾತನ್ನೂ ಅವಳು ತಿರುವಿ ನೋಡದೆ ನಂಬಿಲ್ಲ.

ಹೀಗೇ ದಿನ ದೂಡುತ್ತಿದ್ದವನಿಗೆ ಮಗಳ ಮದುವೆ ಗೊತ್ತಾಯಿತು. ಗಂಡಿನ ಕಡೆಯವರು ಮಂಡ್ಯದವರೇ, ಒಳ್ಳೆಯ ಜನ. ಅವರ ಮನೆಯ ಹೆಸರು ಮುತ್ತಿನ ಮನೆ. ಲಗ್ನಪತ್ರಿಕೆಯಲ್ಲಿ ಎರಡೂ ಕಡೆಯ ಮನೆಯ ಹೆಸರು ಹಾಕಿಸುವುದು ನಮ್ಮಲ್ಲಿ ಸಂಪ್ರದಾಯ. ಎಡಗಡೆ ‘ಮುತ್ತಿನ ಮನೆ’, ಬಲಗಡೆ ‘ಹಿಕ್ಕೆ ಮನೆ’ ಎಂದು ಮನಸ್ಸಿನಲ್ಲಿಯೇ ಅಚ್ಚು ಹಾಕಿ ನೋಡಿದೆ. ಎರಡೂ ಗುಂಡಗಿರುತ್ತವೆ ಎನ್ನುವುದೊಂದನ್ನು ಬಿಟ್ಟರೆ ಬೇರೆ ಸಮಾಧಾನ ಸಿಗಲಿಲ್ಲ. ಮದ್ದೂರಿನ ಪ್ರೆಸ್ಸಿಗೆ ಹೋಗಿ, ನಮ್ಮ ಕಡೆಯ ಮನೆ ಹೆಸರು ಬಿಟ್ಟು ಉಳಿದದ್ದೆಲ್ಲ ಹಾಕಿ ಒಂದು ಮಾದರಿ ಪತ್ರಿಕೆ ತೆಗೆಸಿದೆ.

ಅದನ್ನು ಮೊದಲು ತೋರಿಸಬೇಕಾದದ್ದು ನನ್ನ ಚಿಕ್ಕಯ್ಯ ಬೋರೇಗೌಡರಿಗೆ. ನನಗೆ ನಾಲ್ಕು ವರ್ಷವಾಗಿದ್ದಾಗ ಅಪ್ಪ ತೀರಿಕೊಂಡರು. ಅಪ್ಪನ ತಮ್ಮನಾದ ಚಿಕ್ಕಯ್ಯನೇ ನನ್ನನ್ನು ಸಾಕಿದ್ದು, ಓದಿಸಿದ್ದು. ಮಳೆಗಾಲದಲ್ಲಿ ಹಳ್ಳ ಬಂದರೆ ಹೆಗಲ ಮೇಲೆ ಕೂರಿಸಿಕೊಂಡು ಸ್ಕೂಲಿಗೆ ದಾಟಿಸಿದವರು ಅವರು. ನನ್ನ ಮಗಳ ಧಾರೆಯಲ್ಲಿ ನನ್ನಪ್ಪನ ಜಾಗದಲ್ಲಿ ನಿಲ್ಲಬೇಕಾದ ಹಿರಿಯರೂ ಅವರೇ. ಅವರಿಗೆ ಓದು ಬರಹ ಬರುವುದಿಲ್ಲ. ಈ ಒಂದು ಅನುಕೂಲವನ್ನು ನಂಬಿಕೊಂಡು ನಾನು ಜಗುಲಿಯ ಮೇಲೆ ಕೂತು ಇಡೀ ಪತ್ರಿಕೆಯನ್ನು ರಾಗವಾಗಿ ಓದಿದೆ. ಇಲ್ಲದ ‘ಹಿಕ್ಕೆ ಮನೆ’ಯನ್ನೂ ಮಧ್ಯದಲ್ಲಿ ಸೇರಿಸಿ ಓದಿದೆ. ಥೂ, ಆ ಬುದ್ಧಿ ಎಲ್ಲಿಂದ ಬಂತೋ!

ಚಿಕ್ಕಯ್ಯ, ‘ಸಂದಾಗದೆ ಕಣ್ಲಾ. ನಮ್ಮನೆ ಎಸ್ರು ಎಲ್ಲದೆ, ತೋರ್ಸು’ ಎಂದರು. ನಾನು ‘ವಿವಾಹ’ದ ಹಕಾರದ ಮೇಲೆ ಬೆರಳಿಟ್ಟೆ. ಅವರು ಪತ್ರಿಕೆಯನ್ನು ಬೆಳಕಿಗೆ ಹಿಡಿದು, ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು. ಆಮೇಲೆ ನಿಧಾನವಾಗಿ, ‘ಅಕ್ಸರ ಅದೇಯ. ಗುಡಿಸು ಎಲ್ಲೋಯ್ತು?’ ಎಂದರು. ಒಂದಕ್ಷರ ಬಾರದ ಮನುಷ್ಯನಿಗೆ ‘ಹ’ ಬೇರೆ ‘ಹಿ’ ಬೇರೆ ಎಂದು ಹೇಗೆ ಗೊತ್ತಾಯಿತು? ನಾನು ತೊದಲುತ್ತಿದ್ದ ಹಾಗೆಯೇ ಅವರು ಪತ್ರಿಕೆಯನ್ನು ಮಡಿಸಿ ನನ್ನ ಜೇಬಿಗೆ ತುರುಕಿದರು. ‘ಓದಾಕೆ ಬರಾಕಿಲ್ಲ ಅಂತ ನನ್ಗೇ ಟೋಪಿ ಆಕಾಕೆ ಬಂದ್ಯಾ? ನಮ್ಮನೆ ಎಸ್ರೇ ಇಲ್ಲ ಅಂದ್ಮೇಲೆ ಅದು ಯಾರ್ ಮನೆ ಮದ್ವೆ ಅಂತ ನಾನು ಬರ್ಲಿ? ನಾ ಧಾರೆಗೆ ಬರಾಕಿಲ್ಲ, ಓಗು’ ಎಂದು ಎದ್ದು ಕೊಟ್ಟಿಗೆಗೆ ಹೋದರು.

ಎರಡು ವಾರ ಮಾತಿಲ್ಲ. ಫೋನು ಮಾಡಿದರೆ ಚಿಕ್ಕವ್ವ ಎತ್ತಿಕೊಂಡು, ‘ಅವ್ರು ಒಲ್ತಾವ್ಕೆ ಓಗವ್ರೆ ಕಣಪ್ಪ’ ಎನ್ನುತ್ತಿದ್ದರು. ಹಿಂದಿನಿಂದ ಚಿಕ್ಕಯ್ಯ ಕೆಮ್ಮುವುದು ನನಗೆ ಚೆನ್ನಾಗಿ ಕೇಳಿಸುತ್ತಿತ್ತು. ಹೆಂಡತಿಯಂತೂ, ‘ಆಕ್ಸ್‌ಬುಡಿ ಅತ್ಲಾಗೆ. ನನ್ಗೆ ಸುಳ್ಳು ಏಳಿ ಕರ್ಕಬಂದ್ರಿ, ಆಮೇಲೆ ಗೊತ್ತಾಯ್ತು, ನಾನೇನು ಓಡೋದ್ನಾ?’ ಎಂದಳು. ಬೀಗರ ಮುಂದೆ ನನ್ನ ಮಗಳ ತಲೆ ತಗ್ಗಬಾರದಲ್ಲ ಎಂದೆ. ನಿಜಕ್ಕೂ ಯಾರ ತಲೆಯ ಬಗ್ಗೆ ನನಗೆ ಚಿಂತೆಯಿತ್ತೋ, ಅದು ಅವಳಿಗೆ ಗೊತ್ತಿತ್ತು.

ಇಂಥ ಹೊತ್ತಿನಲ್ಲಿ ನಮ್ಮ ಆಫೀಸಿಗೆ ಐರ್ಲೆಂಡಿನಿಂದ ಒಬ್ಬ ವಿದ್ವಾಂಸೆ ಬರುವ ಸುದ್ದಿ ಬಂತು. ನಮ್ಮದು ರೈತರಿಗೆ ತರಬೇತಿ ಕೊಡುವ ಆಫೀಸು. ಆಕೆ ಮಣ್ಣಿನ ಬಗ್ಗೆ ಓದಿಕೊಂಡವರು, ನಮ್ಮ ಕಡೆಯ ಹಳೆಯ ಗೊಬ್ಬರದ ಪದ್ಧತಿಗಳನ್ನು ನೋಡಬೇಕಂತೆ. ಹೆಸರು ಡಾ. ನೋರಾ ಹಿಕ್ಕಿ. ಸಾಹೇಬರು ಆ ಹೆಸರನ್ನು ಓದಿದಾಗ ನಾನು ಕೈಯಲ್ಲಿದ್ದ ಫೈಲಿನೊಳಗೆ ಮುಖ ಹುದುಗಿಸಿಕೊಂಡೆ. ಮಾರನೆಯ ದಿನ ಬೋರ್ಡು ಬರೆಯುವವನು ದೊಡ್ಡ ಅಕ್ಷರದಲ್ಲಿ ‘ಡಾ. ನೋರಾ ಹಿಕ್ಕೆ ಅವರಿಗೆ ಸುಸ್ವಾಗತ’ ಎಂದು ಬರೆದು ಒಣಗಲು ಇಟ್ಟಿದ್ದ. ಇಡೀ ಆಫೀಸು ಬಿದ್ದು ಬಿದ್ದು ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು. ನಕ್ಕ ಮೇಲೆ ಒಬ್ಬನೇ ಹೋಗಿ ಆ ‘ಕ್ಕೆ’ಯನ್ನು ‘ಕ್ಕಿ’ ಮಾಡಿಸಿ ಬಂದೆ. ಬರುವಾಗ ಸ್ವಂತ ಮನೆಯವರನ್ನು ಆಡಿಕೊಂಡು ನಕ್ಕಂತಾಗಿತ್ತು. ಅಷ್ಟರಲ್ಲಿ ಸಾಹೇಬರು ಕರೆದು, ‘ಸಿದ್ದರಾಜು, ಬೆಸಗರಹಳ್ಳಿ ಕಡೆ ಇನ್ನೂ ಗೊಬ್ಬರಕ್ಕೆ ಅಂತ ಹೊಲದಲ್ಲಿ ಕುರಿ ಮಂದೆ ನಿಲ್ಲಿಸ್ತಾರಂತಲ್ಲ, ಯಾರೋ ಬೋರೇಗೌಡರು ಅಂತೆ. ನೀವೇ ಮೇಡಂನ ಕರ್ಕೊಂಡು ಹೋಗಿ ಇಂಟರ್‌ಪ್ರಿಟ್ ಮಾಡಿ’ ಎಂದರು. ಆ ಯಾರೋ ಬೋರೇಗೌಡರು ನನ್ನನ್ನು ಸಾಕಿದವರು ಎಂದು ಹೇಳದೆ ‘ಆಗಲಿ ಸರ್’ ಎಂದುಬಿಟ್ಟೆ. ಅವರ ಪಾಲಿಗೆ ನಾನು ಹಲಗೂರಿನವನು.

ನೋರಾ ಐವತ್ತರ ಆಸುಪಾಸಿನ ಹೆಂಗಸು. ಬಿಸಿಲಿಗೆ ಕೆಂಪಗಾದ ಮುಖ, ಕೈಯಲ್ಲಿ ಮಣ್ಣು ಕೆದಕುವ ಒಂದು ಚಿಕ್ಕ ಕುರ್ಪಿ. ಜೀಪಿನಲ್ಲಿ ನಾನು ಧೈರ್ಯ ಮಾಡಿ ನನ್ನ ಆಫೀಸು ಇಂಗ್ಲಿಷಿನಲ್ಲಿ, ತಮ್ಮ ಹೆಸರಿನ ಅರ್ಥವೇನೆಂದು ದಯಮಾಡಿ ತಿಳಿಸಬೇಕೆಂದು ಕೋರಿಕೊಂಡೆ. ಆಕೆ ಯಾರಾದರೂ ಇದನ್ನು ಕೇಳಲಿ ಎಂದೇ ಕಾದಿದ್ದರೋ ಏನೋ, ಮದ್ದೂರು ದಾಟುವ ತನಕ ಹೇಳಿದರು. ಅವರ ಹಳೆಯ ಭಾಷೆಯಲ್ಲಿ ಆ ಪದಕ್ಕೆ ಗುಣಪಡಿಸುವವನು, ವೈದ್ಯ ಎಂದು ಅರ್ಥವಂತೆ. ಆ ಮನೆತನದವರು ತಲೆತಲಾಂತರದಿಂದ ಅಲ್ಲಿನ ದೊರೆಗಳಿಗೆ ಔಷಧಿ ಕೊಡುತ್ತಿದ್ದವರಂತೆ. ಹೆಸರಿನ ಮುಂದೆ ‘ಓ’ ಎಂದು ಒಂದಿರುತ್ತಿತ್ತಂತೆ, ಅಂದರೆ ಮೊಮ್ಮಗ, ಅವನ ವಂಶದವನು ಎಂದು. ಮೂಲ ಪದದಲ್ಲಿ ಹಕಾರವೇ ಇರಲಿಲ್ಲವಂತೆ, ಅದು ‘ಇಕ್ಕಿ’ಯಂಥದ್ದೇ ಏನೋ. ಮುಂದಿನ ‘ಓ’ಗೂ ಹಿಂದಿನ ‘ಇ’ಗೂ ನಡುವೆ ಉಚ್ಚಾರಕ್ಕೆ ಅನುಕೂಲವಾಗಲಿ ಎಂದು ಹಕಾರ ಬಂದು ಕೂತಿತು. ಆಮೇಲೆ ಬಹಳ ಜನ ‘ಓ’ವನ್ನು ಬಿಟ್ಟುಬಿಟ್ಟರು, ನೆಂಟನಾಗಿ ಬಂದ ಹಕಾರ ಮಾತ್ರ ಮನೆಯಲ್ಲೇ ಉಳಿದುಕೊಂಡಿತು. ಹಾಗಾದರೆ ಐರ್ಲೆಂಡಿನವರು ಬಂದು ನಮ್ಮೂರಿನ ಯಾವ ಅಜ್ಜಿಯ ಬಾಯಲ್ಲಿ ತಮ್ಮ ಹೆಸರು ಹೇಳಿಸಿದರೂ ಮೂಲ ರೂಪವೇ ಹೊರಡುತ್ತದಲ್ಲ ಎಂದು ನನಗೆ ಅಚ್ಚರಿಯಾಯಿತು.

ಈಗ ಆ ಹೆಸರಿನವರು ಎಲ್ಲೆಲ್ಲಿದ್ದಾರೆ ಎಂದೂ ಫೋನಿನಲ್ಲಿ ನಕ್ಷೆ ತೆಗೆದು ತೋರಿಸಿದರು. ಮೂಲ ಸೀಮೆ ಕ್ಲೇರ್ ಅಂತೆ, ಅಲ್ಲಿಂದ ಲಿಮರಿಕ್, ಈಕೆ ಹುಟ್ಟಿದ ಟಿಪ್ಪರೇರಿ. ಹೊಟ್ಟೆಗಿಲ್ಲದ ಕಾಲದಲ್ಲಿ ಹಡಗು ಹತ್ತಿದವರಿಂದಾಗಿ ಇಂಗ್ಲೆಂಡ್, ಅಮೆರಿಕ, ಆಸ್ಟ್ರೇಲಿಯಾ. ನಮ್ಮ ಹಿಕ್ಕೆ ಮನೆಯವರ ನಕ್ಷೆಯನ್ನೂ ಮನಸ್ಸಿನಲ್ಲೇ ಬರೆದುಕೊಂಡೆ. ಊರಿನಲ್ಲಿ ಮೂರು ಮನೆ, ಬೆಸಗರಹಳ್ಳಿಯಲ್ಲಿ ಒಂದು, ಮದ್ದೂರಿನಲ್ಲಿ ಒಂದು, ಮಂಡ್ಯದಲ್ಲಿ ಹಲಗೂರಿನವನೆಂದು ಹೇಳಿಕೊಂಡು ತಿರುಗುವ ಒಬ್ಬ. ಆಕೆ ನಗುತ್ತಾ ಇನ್ನೊಂದು ಮಾತು ಹೇಳಿದರು. ಇಂಗ್ಲಿಷಿನಲ್ಲಿ ಈಗ ಹಿಕ್ಕಿ ಎಂಬುದಕ್ಕೆ ಬೇರೆಯೇ ಒಂದು ಅರ್ಥವಿದೆಯಂತೆ, ಶಾಲೆಯಲ್ಲಿ ಹುಡುಗರು ರೇಗಿಸಿ ಗೋಳು ಹುಯ್ದುಕೊಳ್ಳುತ್ತಿದ್ದರಂತೆ. ಆದರೂ ಹೆಸರು ಬದಲಾಯಿಸಬೇಕೆಂದು ಅನ್ನಿಸಲಿಲ್ಲವಂತೆ. ಏನು ಅರ್ಥ ಎಂದು ಕೇಳಿದೆ, ನಗುತ್ತಲೇ ಫೋನನ್ನು ಚೀಲಕ್ಕೆ ಹಾಕಿಕೊಂಡರು. ಅಂದು ಸಂಜೆ ಮನೆಗೆ ಬಂದು ಮಗಳನ್ನು ಕೇಳಿದೆ. ಅವಳು ಕೆಂಪಗಾಗಿ ಎದ್ದು ಒಳಗೆ ಹೋದಳು. ಅದು ಕತ್ತಿನ ಮೇಲೆ ಮುತ್ತಿಟ್ಟು ಉಳಿಸುವ ಕಲೆಯಂತೆ, ಮದುವೆ ಗೊತ್ತಾದ ಹುಡುಗಿಯನ್ನು ಅಪ್ಪನಾದವನು ಕೇಳುವ ಪ್ರಶ್ನೆಯಲ್ಲ ಎಂದು ಆಮೇಲೆ ಹೆಂಡತಿ ಬೈದಳು.

ಹೊಲಕ್ಕೆ ಹೋದಾಗ ಚಿಕ್ಕಯ್ಯ ಬದುವಿನ ಮೇಲೆ ನಿಂತಿದ್ದರು. ಕೊಯ್ಲಾದ ಹೊಲದಲ್ಲಿ ಕುರಿ ಮಂದೆ ಬೀಡುಬಿಟ್ಟಿತ್ತು. ಚಿಕ್ಕಯ್ಯ ನನ್ನ ಕಡೆ ನೋಡಲೇ ಇಲ್ಲ. ನೋರಾ ಅವರಿಗೆ ಕೈ ಮುಗಿದು, ‘ಬಾರವ್ವ’ ಎಂದರು. ಆಮೇಲೆ ನಡೆದದ್ದನ್ನು ನೆನೆದರೆ ಈಗ ನಗು ಬರುತ್ತದೆ, ಆಗ ಅಳು ಬರುವಂತಿತ್ತು. ಅವರು ನನ್ನ ಜೊತೆ ಮಾತಾಡುವುದಿಲ್ಲ, ಆದರೆ ಆಕೆಯ ಜೊತೆ ಮಾತಾಡಲು ನಾನೇ ಬೇಕು. ‘ನಿನ್ನ ಜೊತೇಲಿ ಬಂದವ್ರಲ್ಲ ಆಪೀಸ್ರು, ಅವ್ರಿಗೆ ಏಳವ್ವ, ಈ ಒಲದಲ್ಲಿ ಮೊದ್ಲು ಮಂದೆ ನಿಲ್ಸಿದ್ದು ಅವ್ರ ತಾತ ಅಂತ’ ಎಂದರು. ಅದನ್ನು ನಾನೇ ಇಂಗ್ಲಿಷಿಗೆ ತಿರುಗಿಸಿ ಆಕೆಗೆ ಹೇಳಬೇಕು. ಆಕೆ ಕಣ್ಣರಳಿಸಿ, ‘ನಿಮ್ಮ ತಾತನೇ?’ ಎಂದು ನನ್ನನ್ನು ಕೇಳಿದರು. ಹೌದು, ಇವರು ನನ್ನ ಚಿಕ್ಕಪ್ಪ ಎಂದೆ.

ಆಕೆಯ ಹೆಸರೇನೆಂದು ಚಿಕ್ಕಯ್ಯ ವಿಚಾರಿಸಿದರು. ನೋರಾ ಎದೆ ಮುಟ್ಟಿಕೊಂಡು ‘ಹಿಕ್ಕಿ’ ಎಂದರು. ಚಿಕ್ಕಯ್ಯ ಒಂದು ಹೆಜ್ಜೆ ಮುಂದೆ ಬಂದರು. ‘ಇಕ್ಕೆ? ನಮ್ಮೋರಾ? ಯಾವೂರವ್ವ ನಿಂದು?’ ನಾನು ಟಿಪ್ಪರೇರಿ ಎಂದೆ. ‘ಟಿಪ್ಪರ್ ಏರಿ? ಅದ್ಯಾವ ಕೆರೆ ಏರಿ?’ ಎಂದು ಅವರು ಹುಬ್ಬು ಗಂಟಿಕ್ಕಿ, ತಮಗೆ ತಿಳಿದ ಕೆರೆಗಳನ್ನೆಲ್ಲ ಒಂದೊಂದಾಗಿ ಜ್ಞಾಪಿಸಿಕೊಂಡರು. ಆ ಹೆಸರಿಗೆ ವೈದ್ಯ ಎಂದು ಅರ್ಥ ಎಂದದ್ದಕ್ಕೆ, ‘ಮತ್ತಿನ್ನೇನು! ನಾವೂ ನೆಲುಕ್ಕೆ ಔಸ್ದಿ ಕೊಟ್ಟೋರೆ’ ಎಂದು ಕೂತುಕೊಂಡು ಹೇಳತೊಡಗಿದರು. ತಾತನ ಪಾಲಿಗೆ ಬಂದದ್ದು ಚೌಳು ನೆಲ, ಹುಲ್ಲೂ ಹುಟ್ಟುತ್ತಿರಲಿಲ್ಲ. ತಾತ ಕುರುಬರ ಕಾಲು ಹಿಡಿದು ಮಂದೆ ನಿಲ್ಲಿಸಿಕೊಂಡ. ಸಾಲದ್ದಕ್ಕೆ ಗಾಡಿ ದಾರಿಯಲ್ಲಿ ಬಿದ್ದ ಹಿಕ್ಕೆಯನ್ನೂ ಮಂಕರಿಯಲ್ಲಿ ತುಂಬಿ ತಲೆಯ ಮೇಲೆ ಹೊತ್ತು ತಂದ. ಊರು ನಕ್ಕಿತು. ಮೂರನೇ ವರ್ಷ ರಾಗಿ ತೆನೆ ಬಾಗಿದಾಗ ನಕ್ಕವರೇ ಮಂಕರಿ ಹಿಡಿದು ಬಾಗಿಲಿಗೆ ಬಂದರು. ತಾತ ಒಬ್ಬರಿಗೂ ಇಲ್ಲ ಅನ್ನಲಿಲ್ಲ. ‘ಈ ಎಸ್ರ ಆಡ್ಕಂಡು ಮಡಗಿದ್ರೋ ಮೆಚ್ಕಂಡು ಮಡಗಿದ್ರೋ ನನ್ಗೊತ್ತಿಲ್ಲ ಕಣವ್ವ. ನಾವು ಉಂಡಿದ್ದಂತೂ ಅದ್ರಿಂದ್ಲೇಯ’ ಎಂದರು.

ನೋರಾ ಅವರಿಗೆ ತಮ್ಮ ‘ಓ’ ನೆನಪಾಯಿತು. ‘ಓ ಅಂದರೆ ಮೊಮ್ಮಗ ಎಂದು ಇವರಿಗೆ ಹೇಳಿ’ ಎಂದರು. ನಾನು ಹೇಳಿದೆ. ಚಿಕ್ಕಯ್ಯ ತೊಡೆ ತಟ್ಟಿ ನಕ್ಕರು. ‘ಸರಿಯಾಗೇ ಮಡಗವ್ರೆ! ತಾತ ಕರುದ್ರೆ ಓ ಅನ್ನೋನೇ ಮೊಮ್ಮಗ.’ ಹಾಗೆಂದವರು ಮೊದಲ ಬಾರಿಗೆ ನನ್ನ ಮುಖ ನೋಡಿ, ದನಿ ತಗ್ಗಿಸಿ ಅಂದರು: ‘ನಮ್ಮನೇಲೂ ಒಬ್ಬ ಅವ್ನೆ. ತಾತನ್ ಎಸ್ರು ಇಡ್ದು ಕರುದ್ರೆ ಓ ಅನ್ನಾಕಿಲ್ಲ. ಇದ್ನೂ ಏಳವ್ವ ಆಪೀಸ್ರಿಗೆ.’

ನಾನು ಅದನ್ನೂ ಇಂಗ್ಲಿಷಿನಲ್ಲಿ ಹೇಳಿದೆ. ಬಿಡಬಹುದಿತ್ತು, ಆಕೆಗೇನು ತಿಳಿಯುತ್ತಿತ್ತು? ಆದರೆ ಒಂದು ಪದ ಬಿಡದೆ ಹೇಳಿದೆ, ಆ ಒಬ್ಬ ನಾನೇ ಎಂದೂ ಹೇಳಿದೆ. ನೋರಾ ನನ್ನ ತೋಳು ತಟ್ಟಿದರು. ಆಮೇಲೆ ಚಿಕ್ಕಯ್ಯನನ್ನು ಕೇಳಿಯೇಬಿಟ್ಟೆ, ನಿಮಗೆ ಆ ಅಕ್ಷರ ಹೇಗೆ ಗೊತ್ತು ಎಂದು. ಅವರು ನೋರಾ ಕಡೆಗೇ ತಿರುಗಿ ಹೇಳಿದರು. ನಾನು ಒಂದನೇ ಕ್ಲಾಸಿಗೆ ಸೇರಿದಾಗ ಅಲ್ಲಿ ಇನ್ನೊಬ್ಬ ಸಿದ್ದರಾಜು ಇದ್ದನಂತೆ. ಅವನ ಅಪ್ಪನೂ ಕಾಳೇಗೌಡನಂತೆ, ಅವನು ಮಹಾ ತುಂಟನಂತೆ. ಅವನಿಗೆ ಬೀಳಬೇಕಾದ ಏಟೆಲ್ಲ ನನ್ನ ಬೆನ್ನಿಗೆ ಬೀಳುತ್ತಿದ್ದವಂತೆ. ಒಂದು ದಿನ ಬಾಸುಂಡೆ ನೋಡಿ ಚಿಕ್ಕಯ್ಯ ಒಂದು ಗೊನೆ ಬಾಳೆಹಣ್ಣು ಹೊತ್ತು ಮೇಷ್ಟ್ರ ಬಳಿ ಹೋದರಂತೆ. ‘ಅಪ್ಪ ಇಲ್ದ ಕೂಸು ಸ್ವಾಮಿ. ಇವ್ನ ಎಸ್ರ ಮುಂದೆ ನಮ್ಮನೆ ಎಸ್ರು ಬರ್ಕಳಿ. ಆ ಎಸ್ರು ಇನ್ಯಾರ್ಗೂ ಇಲ್ಲ. ಇನ್ನೊಬ್ಬುನ್ ಏಟು ಇವುನ್ಗೆ ಬೀಳ್ದಂಗೆ ಕಾಯ್ತದೆ ಅಂದೆ ಕಣವ್ವ. ಬರುದ್ರು. ನಿಜವಾಗ್ಲೂ ಬರುದ್ರಾ ಅಂತ ಅನ್ಮಾನ. ಸ್ಲೇಟಲ್ಲಿ ತೋರ್ಸಿ ಅಂದೆ. ಗುಡಿಸು ಆಕಿದ್ದು ಅದೊಂದ್ ಅಕ್ಸರ ನೋಡ್ಕಂಡು ಬಂದೆ. ವರ್ಸಾವರ್ಸ ಓಗಿ ಅದು ಇನ್ನೂ ಅದಾ ಅಂತ ನೋಡ್ಕಂಡು ಬತ್ತಿದ್ದೆ.’

ಇಷ್ಟು ವರ್ಷ ನಾನು ಆ ಮೇಷ್ಟ್ರನ್ನು ಶಪಿಸಿದ್ದೆ, ಬೇಕೆಂದೇ ಅವಮಾನ ಮಾಡಲು ಆ ಅಕ್ಷರ ಅಂಟಿಸಿದರು ಎಂದು. ಅದು ನನ್ನ ಬೆನ್ನಿಗೆ ಚಿಕ್ಕಯ್ಯ ಇಟ್ಟ ಕಾವಲು. ಇದನ್ನು ಇಂಗ್ಲಿಷಿಗೆ ತಿರುಗಿಸಲು ನನ್ನಿಂದ ಆಗಲಿಲ್ಲ. ಅಲ್ಲೇ ಕುರಿಗಳ ಮಧ್ಯೆ ಬಗ್ಗಿ ಅವರ ಕಾಲು ಮುಟ್ಟಿದೆ. ‘ಯೇ, ನೋಡ್ಕಂಡು ಬಗ್ಗೋ, ಪ್ಯಾಂಟಿಗೆ ಮೆತ್ಕತದೆ’ ಎಂದರು. ಎರಡು ವಾರದಲ್ಲಿ ನನಗೇ ನೇರವಾಗಿ ಆಡಿದ ಮೊದಲ ಮಾತು ಅದು.

ಅಂದೇ ಮದ್ದೂರಿನ ಪ್ರೆಸ್ಸಿಗೆ ಹೋಗಿ ‘ಹಿಕ್ಕೆ ಮನೆ’ ಎಂದು ದಪ್ಪಕ್ಷರದಲ್ಲಿ ಹಾಕಿಸಿದೆ. ಆಫೀಸಿನಲ್ಲಿ ಟೇಬಲ್ಲು ಟೇಬಲ್ಲಿಗೂ ಹೋಗಿ ಪತ್ರಿಕೆ ಹಂಚಿದೆ. ಸಾಹೇಬರು ಓದಿ, ‘ಹಲಗೂರು ಏನಾಯ್ತು ಸಿದ್ದರಾಜು?’ ಎಂದರು. ‘ವಾಪಸು ಕೊಟ್ಟೆ ಸರ್’ ಎಂದೆ. ಬೀಗರ ಮನೆಗೆ ಹೋದಾಗ ಮಾತ್ರ ಕುರ್ಚಿಯ ತುದಿಯಲ್ಲೇ ಕೂತಿದ್ದೆ. ಅವರು ಪತ್ರಿಕೆಯನ್ನು ಎರಡು ಸಲ ಓದಿದರು, ಒಳಗಿದ್ದ ಮಗನಿಗೆ ಕೇಳಿಸದಂತೆ ನನ್ನ ಕಿವಿಯ ಹತ್ತಿರ ಬಂದರು. ‘ಬೀಗ್ರೇ, ನೀವು ದೊಡ್ಡೋರು. ನಮ್ಮದೂ ಮುತ್ತಿನ ಮನೆ ಅಲ್ಲ ಕಣ್ರೀ, ಮುತ್ತುಗದ ಮನೆ. ನಮ್ಮಜ್ಜಿ ಮುತ್ತುಗದೆಲೆ ತಂದು ಊಟದೆಲೆ ಕಟ್ಟಿ ಮನೆ ಮನೆಗೆ ಕೊಡ್ತಿದ್ಳು. ಮುತ್ತುಗದ ಗ ತೆಗ್ದು ಮುತ್ತು ಮಾಡಿದ್ದು ನಾನೇ’ ಎಂದರು. ಇಬ್ಬರೂ ಬಹಳ ಹೊತ್ತು ಕಣ್ಣೊರೆಸಿಕೊಂಡು ನಕ್ಕೆವು, ಬೀಗಿತ್ತಿ ಕಾಫಿ ತಂದವರು ಗಾಬರಿಯಾದರು.

ಮದುವೆಗೆ ಚಿಕ್ಕಯ್ಯ ಎಲ್ಲರಿಗಿಂತ ಮೊದಲು ಬಂದರು, ಜರಿ ಪೇಟ ಸುತ್ತಿಕೊಂಡು ಧಾರೆಗೆ ನಿಂತರು. ಧಾರೆ ಎರೆಯುವಾಗ ಅವರ ಕೈಯ ಜೊತೆ ನನ್ನ ಕೈಯೂ ಇತ್ತು. ನನಗೆ ಈ ಜನ್ಮಕ್ಕೆ ಅಷ್ಟು ಸಾಕು. ಆಮೇಲೆ ಫೋಟೋ ತೆಗೆಯುವ ಹೊತ್ತಿಗೆ ಛತ್ರದಲ್ಲಿ ಮೈಕು ಹಿಡಿದಿದ್ದ ನಮ್ಮೂರ ಕಡೆಯವನೊಬ್ಬ, ‘ಎಣ್ಣಿನ ಕಡೆ ಇಕ್ಕೆ ಮನೆಯವರು ವೇದಿಕೆಗೆ ಬರಬೇಕು’ ಎಂದು ಕೂಗಿದ. ನನಗೆ ಅದೇನಾಯಿತೋ, ಸೀದಾ ಹೋಗಿ ಅವನ ಕೈಯಿಂದ ಮೈಕು ಕಿತ್ತುಕೊಂಡೆ. ‘ಇಕ್ಕೆ ಅಲ್ಲಪ್ಪ, ಹಿಕ್ಕೆ! ಹಕಾರ ನುಂಗಬೇಡ. ಆಡು ಕುರಿ ಹಾಕ್ತಾವಲ್ಲ, ಅದೇ ಹಿಕ್ಕೆ. ಸರಿಯಾಗಿ ಹೇಳು!’ ಎಂದು ಇಡೀ ಛತ್ರಕ್ಕೆ ಕೇಳುವಂತೆ ಅಬ್ಬರಿಸಿದೆ.

ಚಿಕ್ಕಯ್ಯ ಹಿಂದಿನಿಂದ ಬಂದು ನನ್ನ ಶಲ್ಯ ಹಿಡಿದು ಎಳೆದರು. ‘ಆಯ್ತು ಬುಡ್ಲಾ, ಕೇಳ್ತು. ಅತ್ಲಾಗೆ ಜನ ಊಟಕ್ಕೆ ಕುಂತವ್ರೆ.’